ಎಡಗಾಲಿನ ಬೂಟು, ಗಡಿಯಾಚೆಯ ಮನೆ

ಬೆಳಕು ಇನ್ನೂ ಗುಡ್ಡದ ನೆತ್ತಿಯಿಂದ ಇಳಿದಿಲ್ಲ. ಟಲ್ಲಿ ಬಯಲಿನ ಅಗ್ನಿಶಾಮಕ ಠಾಣೆಯ ತಗಡಿನ ಬಾಗಿಲನ್ನು ವರ್ನಾ ಓಸ್ಟ್‌ಬಿ ಭುಜ ಕೊಟ್ಟು ಮೇಲೆತ್ತುತ್ತಾರೆ. ನೀರಿನ ಲಾರಿ ಶುರು ಮಾಡಿ, ಪಂಪಿನ ಮೇಲೆ ಅಂಗೈ ಇಟ್ಟು ಕಾಯುತ್ತಾರೆ. ರಾತ್ರಿ ನೀರು ಹೆಪ್ಪುಗಟ್ಟಿದ್ದರೆ ಪಂಪು ನಡುಗುವುದಿಲ್ಲ. ಇವತ್ತು ನಡುಗುತ್ತದೆ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಶಾಲೆಯ ಬಸ್ಸು ಓಡಿಸಲು ಹೊರಡುತ್ತಾರೆ. ಸಂಬಳ ಬರುವುದು ಬಸ್ಸಿಗೆ. ಲಾರಿಗೆ ಏನೂ ಇಲ್ಲ, ಹತ್ತೊಂಬತ್ತು ವರ್ಷದಿಂದ.

ಠಾಣೆಯಿಂದ ಕಣಿವೆಯ ಕಡೆ ಹೋದರೆ ಹಸಿರು ಕಂಬವೊಂದು ಸಿಗುತ್ತದೆ. ತೆರಿಗೆ ಕೊಟ್ಟು ಈ ಲಾರಿಯನ್ನು ಸಾಕುವ ಅಗ್ನಿಶಾಮಕ ವಲಯ ಅಲ್ಲಿಗೆ ಮುಗಿಯುತ್ತದೆ. ವರ್ನಾ ಅವರ ಮನೆ ಇರುವುದು ಕಂಬದಾಚೆ. ಊರಿನ ಬೆಂಕಿ ಆರಿಸುವ ಹೆಂಗಸಿನ ಮನೆಗೇ ಬೆಂಕಿ ಬಿದ್ದರೆ, ಕಾನೂನಿನ ಪ್ರಕಾರ ಯಾವ ಲಾರಿಯೂ ಬರಬೇಕಾಗಿಲ್ಲ.

"ಬಂದ್ರೂ ಓಡಿಸೋಳು ನಾನೇ ತಾನೆ," ಎಂದು ನಗುತ್ತಾರೆ.

ಇಷ್ಟು ದಿನ ಲಾರಿ ಕಂಬ ದಾಟುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಪ್ರತಿ ವಸಂತದಲ್ಲಿ ಠಾಣೆಯ ಅಂಗಳದಲ್ಲಿ ಚಂದಾ ಎತ್ತಲು ದೋಸೆಯಂಥ ಸಿಹಿ ಪ್ಯಾನ್‌ಕೇಕ್ ಹುಯ್ಯುತ್ತಾರೆ. ಆಗ ಕಣಿವೆಯವರು ಬಂದು, ಬಾಗಿಲ ಬಳಿ ಇಟ್ಟ ಹಳೆಯ ಎಡಗಾಲಿನ ಬೂಟಿನಲ್ಲಿ ನೋಟು ತುರುಕಿ ಹೋಗುತ್ತಾರೆ. ಅವರ ಋಣ ಅಷ್ಟಕ್ಕೆ ತೀರುತ್ತಿತ್ತು. ಮೊದಲ ನೋಟು ಯಾವಾಗಲೂ ವರ್ನಾ ಅವರದು.

ಹೋದ ಆಗಸ್ಟ್‌ನಲ್ಲಿ ಲೆಕ್ಕ ತಪ್ಪಿತು. ಲಾರಿ ಕಣಿವೆಯಲ್ಲಿ ಹುಲ್ಲಿನ ಬೆಂಕಿ ಆರಿಸುತ್ತಿದ್ದಾಗ, ಕಂಬದ ಈಚೆ ಹಾಲಿಸ್ ಎಂಬುವರ ಕುದುರೆ ಲಾಯ ಹೊತ್ತಿಕೊಂಡಿತು. ಹಾಲಿಸ್ ವಲಯಕ್ಕೆ ತೆರಿಗೆ ಕೊಡುವ ಮನುಷ್ಯ.

"ಕುದುರೆಗಳ ಕೂಗು ವೈರ್‌ಲೆಸ್‌ನಲ್ಲೇ ಕೇಳಿಸ್ತು. ನಾನು ಆಚೆ ಇದ್ದೆ. ನೀರೆಲ್ಲ ನನ್ನ ಹತ್ರ ಇತ್ತು," ಎನ್ನುತ್ತಾರೆ ವರ್ನಾ.

ಆಮೇಲೆ ವಲಯ ನಡೆಸುವ ಊರವರ ಮಂಡಳಿ ತೀರ್ಮಾನಿಸಿತು: ಜುಲೈನಿಂದ, ಜನರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಲಾರಿ ಕಂಬ ದಾಟಬಹುದು. ಬೇಕಿದ್ದರೆ ಕಣಿವೆ ವಲಯಕ್ಕೆ ಸೇರಲಿ. ಕಣಿವೆ ಒಪ್ಪಿತು. ಆದರೆ ಅಲ್ಲಿ ಹೊಸ ತೆರಿಗೆ ಕೊಡುವ ಶಕ್ತಿ ಯಾರಿಗೂ ಇಲ್ಲ. ಈಗ ಕೊಡುತ್ತಿರುವ ಆಸ್ತಿ ತೆರಿಗೆ ಹೋಗುವುದು ಕೌಂಟಿಗೆ, ಅಂದರೆ ಜಿಲ್ಲಾ ಆಡಳಿತಕ್ಕೆ. ಅದು ತನ್ನ ಪಾಲಿನಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಮಾತ್ರ ಕಂಬ ಮುಂದೆ ಸರಿಯುತ್ತದೆ. ಬರುವ ಮಂಗಳವಾರ ಕೌಂಟಿ ಸದಸ್ಯರ ಮತದಾನ.

ಬೇಡ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿರುವವರು ವರ್ನಾ ಅವರ ತಮ್ಮ ಓರಿನ್. ಅವರು ಕೌಂಟಿಯ ಪೊಲೀಸು. ಬಸ್ಸಿನ ಪಾಳಿ ಮುಗಿದ ಮೇಲೆ ಠಾಣೆಯಲ್ಲಿ ಕಾಫಿ ಕುಡಿಯುತ್ತ ಇಬ್ಬರೂ ವಾದ ಶುರುಮಾಡುತ್ತಾರೆ.

"ಅಕ್ಕ, ನಿನ್ನ ಲಾರಿಗೆ ಹೋಗೋ ಕೌಂಟಿ ದುಡ್ಡು ನನ್ನ ಜೀಪಿನ ಪೆಟ್ರೋಲಿಂದು. ಕಳ್ಳ ಬಂದ್ರೆ ನೀರಿನ ಪೈಪ್ ಹಿಡ್ಕೊಂಡು ಬರ್ತೀಯಾ?"

"ಬರ್ತೀನಿ. ನೀನು ಬರೋಷ್ಟರಲ್ಲಿ ಕಳ್ಳ ಊಟ ಮುಗಿಸಿ ಪಾತ್ರೆ ತೊಳ್ದಿರ್ತಾನೆ."

"ತಮಾಷೆ ಸಾಕು."

"ಕೌಂಟಿಗೆ ಈಗ ಬರೋ ದುಡ್ಡನ್ನ ಯಾರೂ ಮುಟ್ಟಲ್ಲ ಕಣೋ. ಮುಂದೆ ಮನೆಗಳು ಎದ್ದು, ತೆರಿಗೆ ಬೆಳೆಯುತ್ತಲ್ಲ, ಆ ಬೆಳೆದಿದ್ರಲ್ಲಿ ಒಂದು ಪಾಲು."

"ಇನ್ನೂ ಕಟ್ಟದೇ ಇರೋ ಮನೆ ದುಡ್ಡಲ್ಲಿ ಕಟ್ಟಿರೋ ಮನೆ ಉಳಿಸ್ತೀಯಾ? ನಮ್ಮ ಖರ್ಚು ಬೆಳೆಯಲ್ವಾ?"

ವರ್ನಾ ತಮ್ಮನ ಲೋಟಕ್ಕೆ ಇನ್ನಷ್ಟು ಕಾಫಿ ಹುಯ್ಯುತ್ತಾರೆ. ಓರಿನ್ ಹೋದ ಮೇಲೆ ಮೆಲ್ಲಗೆ, "ಅವನು ಹೇಳೋದ್ರಲ್ಲಿ ಸುಳ್ಳಿಲ್ಲ. ರಾತ್ರಿ ಹೊತ್ತು ಕಣಿವೆಗೆ ಬರೋ ಪೊಲೀಸು ಅವನೊಬ್ಬನೇ," ಎನ್ನುತ್ತಾರೆ.

ಕೌಂಟಿ ಪಾಲು ಕೊಡದಿದ್ದರೆ?

"ಕಂಬದ ಹತ್ರ ಲಾರಿ ನಿಲ್ಲಿಸಿ ನಮ್ಮ ಬೀದಿಯ ಹೊಗೆ ನೋಡ್ತಾ ಕೂರಬೇಕು. ನನ್ನ ಕೈಲಿ ಆಗುತ್ತಾ, ಗೊತ್ತಿಲ್ಲ."

ಬಾಗಿಲ ಬಳಿಯ ಬೂಟನ್ನು ಎತ್ತಿ, ಒಳಗೆ ಕೈಹಾಕಿ ಜೇಡರ ಬಲೆ ತೆಗೆಯುತ್ತಾರೆ.

"ಇದರ ಜೊತೆದು ಮನೇಲಿದೆ. ಕೌಂಟಿ ಒಪ್ಪಿದ್ರೆ ಇದರಲ್ಲಿ ನೋಟು ತುರುಕೋದು ಬೇಕಿಲ್ಲ, ಇದನ್ನ ತೊಳೆದು ಕಾಲಿಗೆ ಹಾಕ್ಕೋಬೇಕು. ನನ್ನ ಅಳತೆದೇ."