ಚೀಲದ ಡ್ರೈವರ್ ಎನಿಸಿಕೊಂಡ ಆಂಜನೇಯ

ನನ್ನ ಮನೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ, ಕಚೇರಿ ಯಲಬುರ್ಗಾದಲ್ಲಿ. ನಡುವೆ ಸರ್ಕಾರಿ ಬಸ್ಸು. ಹೀಗೆ ವರ್ಷಗಟ್ಟಲೆ ಓಡಾಡಿದವನಿಗೆ ಡ್ರೈವರುಗಳ ಮುಖಕ್ಕಿಂತ ಅವರ ಕಾಲೇ ಹೆಚ್ಚು ಪರಿಚಯವಾಗುತ್ತದೆ. ಕಣ್ಣು ಮುಚ್ಚಿ ಕೂತಿದ್ದರೂ ಬ್ರೇಕಿನ ಮೇಲೆ ಇವತ್ತು ಯಾರ ಕಾಲಿದೆ ಎಂದು ಹೇಳಬಲ್ಲೆ. ಆಂಜನೇಯನ ಕಾಲು ನನಗೆ ಮೊದಮೊದಲು ಚೂರೂ ಹಿಡಿಸಿರಲಿಲ್ಲ.

ಆಂಜನೇಯ ಗಂಗಾವತಿ ಕಡೆಯವನು. ಅಪ್ಪ ಹೊನ್ನೂರಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ. ಮಗ ಅದೇ ಗಿರಣಿಯ ಲಾರಿಗೆ ಕ್ಲೀನರ್ ಆಗಿ ಸೇರಿ, ಮುಂದೆ ಸ್ಟೇರಿಂಗ್ ಹಿಡಿದು, ಅಕ್ಕಿ ಹೇರಿಕೊಂಡು ಊರೂರು ತಿರುಗಿದ. ಮೂವತ್ತು ದಾಟಿದ ಮೇಲೆ ಸರ್ಕಾರಿ ಬಸ್ಸಿನ ನೌಕರಿ ಸಿಕ್ಕಿತು. ಅಪ್ಪ ಹಮಾಲರಿಗೆಲ್ಲ ಪೇಡೆ ಹಂಚಿದರಂತೆ. ಹೆಂಡತಿ ರೂಪಾಳನ್ನು ಕರೆದುಕೊಂಡು ಬಂದು ಯಲಬುರ್ಗಾದಲ್ಲಿ ಬಾಡಿಗೆ ಮನೆ ಮಾಡಿದ.

ಹೊಸಬನಿಗೆ ದಾರಿ ತೋರಿಸಲು ಡಿಪೋದವರು ಅವನನ್ನು ದೇವೇಂದ್ರಪ್ಪನವರ ಬಸ್ಸಿನಲ್ಲಿ ಕೂರಿಸಿದರು. ದೇವೇಂದ್ರಪ್ಪ ನಮ್ಮ ದಾರಿಯ ಹಿರಿಯ ಡ್ರೈವರ್. ಅಪಘಾತವಿಲ್ಲದೆ ಬಸ್ಸು ಓಡಿಸಿದ್ದಕ್ಕೆ ಬೆಳ್ಳಿ ಪದಕ ಪಡೆದವರು. ಅವರು ಬ್ರೇಕ್ ಹಾಕಿದ್ದು ಗೊತ್ತೇ ಆಗುತ್ತಿರಲಿಲ್ಲ. ಅವರ ಬಸ್ಸಿನಲ್ಲಿ ಹೆಣ್ಣುಮಕ್ಕಳು ನಿಂತುಕೊಂಡೇ ಹೂ ಕಟ್ಟುವುದನ್ನು ನಾನು ನೋಡಿದ್ದೇನೆ. ಆಂಜನೇಯ ಅವರ ಪಕ್ಕದಲ್ಲಿ ಬಾನೆಟ್ಟಿನ ಹತ್ತಿರ ಕೂತು, ದಾರಿ ನೋಡುವುದು ಬಿಟ್ಟು ಅವರ ಕಾಲನ್ನೇ ನೋಡುತ್ತಿದ್ದ. ಮನೆಗೆ ಹೋಗಿ ರೂಪಾಳಿಗೆ, "ಮನಶಾ ಅಲ್ಲ ಅಂವ, ದೇವರು" ಅನ್ನುತ್ತಿದ್ದನಂತೆ.

ಸ್ವಂತ ಡ್ಯೂಟಿ ಸಿಕ್ಕಾಗ ಅವನಿಗೆ ಜೊತೆಯಾದ ಕಂಡಕ್ಟರ್ ಜರೀನಾ. ಅವನಿಗಿಂತ ವಯಸ್ಸಿನಲ್ಲೂ ನೌಕರಿಯಲ್ಲೂ ದೊಡ್ಡವಳು. ಹೆಣ್ಣುಮಕ್ಕಳಿಗೆ ಟಿಕೆಟ್ ಫ್ರೀ ಆದಮೇಲೆ ಬಸ್ಸು ಕಿಕ್ಕಿರಿದು ತುಂಬಿದರೂ ಯಾರ ಮೇಲೂ ರೇಗದವಳು. ಆಂಜನೇಯ ಅವಳನ್ನು ಜರೀನಕ್ಕ ಎಂದೇ ಕರೆಯುತ್ತಿದ್ದ. ದೇವೇಂದ್ರಪ್ಪ, ಜರೀನಾ, ಈ ಇಬ್ಬರ ಬಾಯಿಂದ ಒಂದು ಒಳ್ಳೆಯ ಮಾತು ಬಂದರೆ ಸಾಕು ಅವನಿಗೆ.

ಅದು ಹಿಂಗಾರು ಜೋಳ ತೆನೆ ಬಿಡುವ ಕಾಲ. ಕುಕನೂರು ದಾಟಿದ ಮೇಲೆ ಒಂದು ನಿಲ್ದಾಣದಲ್ಲಿ ಮುದಕಮ್ಮ ಎಂಬ ವಯಸ್ಸಾದ ಹೆಣ್ಣುಮಗಳು ಹತ್ತಿದಳು. ಬಸ್ಸು ಹೊರಟಿತು. ಅಷ್ಟರಲ್ಲಿ ಹೊಲದ ದಾರಿಯಿಂದ ಹುಲ್ಲಿನ ಹೊರೆ ಹೇರಿದ ಬೈಕೊಂದು ರಸ್ತೆಗೆ ನುಗ್ಗಿತು. ಆಂಜನೇಯ ಬ್ರೇಕ್ ಒತ್ತಿದ. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಮುದಕಮ್ಮನ ಬಾಯಿ ಸೀಟಿನ ಕಂಬಿಗೆ ಬಡಿದು ತುಟಿ ಒಡೆಯಿತು, ಒಂದು ಹಲ್ಲು ಹೋಯಿತು. ಬೈಕಿನವನು ಕೂದಲೆಳೆಯಲ್ಲಿ ಪಾರಾದ. ಮುದುಕಿಯನ್ನು ಆಸ್ಪತ್ರೆಗೆ ಮುಟ್ಟಿಸಿ ಹೊಲಿಗೆ ಹಾಕಿಸಿದರು. ಮುಂದೆ ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದಾಯಿತು.

ಬೈಕ್ ಅಡ್ಡ ಬಂದ ಮರುದಿನ ಡಿಪೋದ ಕ್ಯಾಂಟೀನಿನಲ್ಲಿ ನಡೆದದ್ದನ್ನು ನನಗೆ ಮೊದಲು ಹೇಳಿದ್ದು ಜರೀನಾ, ಬಹಳ ದಿನಗಳ ನಂತರ ಆಂಜನೇಯ. ಇಬ್ಬರ ಮಾತೂ ಒಂದೇ ಆಗಿತ್ತು.

ಒಂದು ಜೀವ ಉಳಿಸಿದೆ ಎಂಬ ಹುರುಪಿನಲ್ಲಿ ಆಂಜನೇಯ ನಾಲ್ಕು ಜನರಿಗೆ ಕಥೆ ಹೇಳುತ್ತಿದ್ದ. ದೇವೇಂದ್ರಪ್ಪ ಚಹಾ ಕುಡಿಯುತ್ತ ಕೇಳಿಸಿಕೊಂಡರು.

"ಬೈಕ್ ನಿನಗ ಯಾವಾಗ ಕಂಡಿತು?" ಎಂದರು.

"ರೋಡಿಗೆ ಬಂದ ಕೂಡಲೇ ಕಂಡಿತ್ರಿ ಅಣ್ಣಾರ."

"ಆಳೆತ್ತರ ಹುಲ್ಲಿನ ಹೊರಿ, ಹೊಲದಾಗ ಬರೂದು ಕಾಣಲಿಲ್ಲೇನು? ತಮ್ಮಾ, ಒಂದು ಮಾತು ಹೇಳ್ತೀನಿ. ನೀ ಇನ್ನೂ ಅಕ್ಕಿ ಚೀಲಾನ ಹೇರಾಕತ್ತಿ, ಮಂದೀನ ಅಲ್ಲ. ಚೀಲ ಬಿದ್ರ ಅಳೂದಿಲ್ಲ, ಅದಕ್ಕ ಹಲ್ಲೂ ಇಲ್ಲ. ನಿನಗ ಲಾರೀನ ಛಲೋ."

ಸುತ್ತ ಕೂತವರು ಹೋ ಎಂದು ನಕ್ಕರು. ಆಂಜನೇಯ ಜರೀನಾಳ ಕಡೆ ನೋಡಿದ. ಅವಳಾದರೂ ತನ್ನ ಪರ ಮಾತಾಡುತ್ತಾಳೆ ಅಂದುಕೊಂಡಿದ್ದ.

ಅವಳು ಲೋಟ ಕೆಳಗಿಟ್ಟು, "ಖರೇನ ಐತಿ ಆಂಜನೇಯ. ನಿನ್ನ ಗಾಡ್ಯಾಗ ನಿಂತು ಟಿಕೆಟ್ ಕೊಡಾಕ ಆಗೂದಿಲ್ಲ. ರಾತ್ರಿ ಸೊಂಟಕ್ಕ ಎಣ್ಣಿ ಹಚ್ಚಿಕೊಂಡ ಮಲಗತೀನಿ" ಎಂದಳು.

ಅಂದಿನಿಂದ ಅವನಿಗೆ ಡಿಪೋದಲ್ಲಿ 'ಚೀಲ' ಎಂಬ ಹೆಸರು ಬಿತ್ತು. "ಚೀಲ ಬಂದ್ನಾ?" "ಚೀಲದ ಗಾಡಿ ಹೋತಾ?" ಮೆಕ್ಯಾನಿಕ್ಕುಗಳು, ಗೇಟಿನವರು, ಎಲ್ಲರ ಬಾಯಲ್ಲೂ ಅದೇ. ಮೊದಲು ಬೇರೆ ಯಾರೋ ಅಂದಿದ್ದರೆ ತಿರುಗಿ ಬೈದು ಬಿಡುತ್ತಿದ್ದ. ದೇವೇಂದ್ರಪ್ಪ, ಜರೀನಾ ಅಂದದ್ದು ಎದೆಗೇ ನಾಟಿತು. ಜರೀನಾಳ ಜೊತೆ ಬೇಕಾದಷ್ಟೇ ಮಾತು. ದೇವೇಂದ್ರಪ್ಪ ಎದುರು ಬಂದರೆ ಟಯರು ನೋಡುವ ನೆಪದಲ್ಲಿ ಬಗ್ಗುತ್ತಿದ್ದ.

ಮನೆಯಲ್ಲಿ ರೂಪಾ ಎಲ್ಲ ಕೇಳಿ, "ಅವರು ಅಂದದ್ದು ಸುಳ್ಳೇನು?" ಎಂದಳು.

"ನೀನೂ ಅವರ ಕಡೀನಾ?"

"ನಿಮ್ಮ ಕಡೀನ ಅದೀನಿ. ಅದಕ್ಕ ಕೇಳಾಕತ್ತೀನಿ."

ಅವನು ಊಟ ಬಿಟ್ಟು ಎದ್ದು ಹೊರಗೆ ಹೋಗಿ ಗಂಗಾವತಿಯ ಹಳೇ ಲಾರಿ ಮಾಲೀಕನಿಗೆ ಫೋನ್ ಮಾಡಿದ. ಮಾಲೀಕ, "ಬಾರೋ, ನಾಳಿಂದನ ಬಾ. ಗಾಡಿ ನಿಂತೈತಿ. ನಿನ್ನಂಥಾ ಡ್ರೈವರ್ ಎಲ್ಲಿ ಸಿಗತಾನ?" ಎಂದ. ಕೇಳಬೇಕೆಂದಿದ್ದ ಹೊಗಳಿಕೆಯೇ ಅದು. ಆದರೂ ಸಂತೋಷವಾಗಲಿಲ್ಲ. ಅಲ್ಲಿ ತನ್ನನ್ನು ಯಾರೂ ಬೈಯುವುದಿಲ್ಲ, ಏಕೆಂದರೆ ಹಿಂದೆ ಇರುವುದು ಚೀಲ ಎಂದು ಅವನಿಗೆ ಹೊಳೆದದ್ದು ಆವಾಗಲೇ. "ಹೇಳ್ತೀನ್ರಿ ಮಾಲಕ್ರ" ಎಂದು ಫೋನ್ ಇಟ್ಟ. ಮತ್ತೆ ಹೇಳಲಿಲ್ಲ.

ವಾರದ ರಜೆಯ ದಿನ ಮುದಕಮ್ಮನ ಊರು ಹುಡುಕಿಕೊಂಡು ಹೋದ. ಕ್ಷಮೆ ಕೇಳಿ, ಬೈಕ್ ಅಡ್ಡ ಬಂದ ಕಥೆ ಮತ್ತೆ ಹೇಳಿದ. ಮುದುಕಿ ಬೈಯಲಿಲ್ಲ. ಚಹಾ ಮಾಡಿಸಿ ಕೊಟ್ಟಳು.

"ಬೈಕಿಂದ ಬಿದ್ದದ್ದಲ್ಲ ಮಗನ," ಎಂದಳು. "ಹತ್ತಿದಾಕಿ ಇನ್ನೂ ಕಂಬಿ ಹಿಡಿದಿದ್ದಿಲ್ಲ ನಾ. ನೀ ಗಾಡಿ ಬಿಟ್ಟಿ. ಹಿಡಿಯಾಕ ಕೈ ಎತ್ತಿದ್ದೆ, ಅಷ್ಟರಾಗ ಬಿದ್ದೆ."

ಬೈಕಿನ ಮರೆಯಲ್ಲಿ ತಾನು ಇಷ್ಟು ದಿನ ನಿಂತಿದ್ದದ್ದು ಆಂಜನೇಯನಿಗೆ ಅರ್ಥವಾಯಿತು. ವಿಚಾರಣೆಯ ಕಾಗದ ಏನೇ ಹೇಳಲಿ, ಆ ಕೈ ಕಂಬಿಗೆ ಮುಟ್ಟುವವರೆಗೆ ತಾನು ಕಾಯಲಿಲ್ಲ ಎಂಬುದಂತೂ ನಿಜ.

ಮುಂದಿನ ರಜೆಗೆ ಅವನನ್ನು ನಾನು ಕಂಡದ್ದು ಅವನದೇ ಬಸ್ಸಿನ ಕಡೆಯ ಸೀಟಿನಲ್ಲಿ. ಅಂದು ಬೇರೆ ಡ್ರೈವರ್ ಇದ್ದ. ಇವನು ಸಾದಾ ಅಂಗಿ ಹಾಕಿಕೊಂಡು ಟಿಕೆಟ್ ತೆಗೆಸಿ ಕೂತಿದ್ದ.

"ಏನ್ರಿ ಡ್ರೈವರ್ ಸಾಹೇಬ್ರ, ಇಲ್ಲಿ?" ಎಂದೆ.

"ಇಲ್ಲಿ ಎಂದೂ ಕುಂತಿದ್ದಿಲ್ರಿ. ಹೆಂಗಿರತೈತಿ ನೋಡೂಣಂತ."

ನಮ್ಮ ರಸ್ತೆ ಎರೆಭೂಮಿಯದು. ಮಳೆಗೆ ಉಬ್ಬಿ ಬಿಸಿಲಿಗೆ ಕುಸಿದು ಅಲೆ ಅಲೆಯಾಗಿರುತ್ತದೆ. ಮೊದಲನೇ ಉಬ್ಬಿಗೆ ಆಂಜನೇಯ ಸೀಟಿನಿಂದ ಗೇಣೆತ್ತರ ಹಾರಿದ. ಎರಡನೆಯದಕ್ಕೆ ಪಕ್ಕದ ಹೆಣ್ಣುಮಗಳ ಮಡಿಲಿನ ಕೂಸು ಬೆಚ್ಚಿ ಅತ್ತಿತು. ಅವನು ಎದ್ದು ಸೀಟನ್ನು ಒಬ್ಬ ಅಜ್ಜನಿಗೆ ಬಿಟ್ಟು, ಒಂದು ಕೈಯಲ್ಲಿ ತನ್ನ ಕೈಚೀಲ ಹಿಡಿದು ಇನ್ನೊಂದರಲ್ಲಿ ಕಂಬಿ ಹಿಡಿದು ಯಲಬುರ್ಗಾದವರೆಗೆ ನಿಂತ. ಇಳಿಯುವಾಗ ತೋಳು ಉಜ್ಜಿಕೊಳ್ಳುತ್ತ ನಕ್ಕ. ನಗುವಿನಲ್ಲಿ ಸಂಕಟವಿತ್ತು.

ಆಮೇಲಿನ ರಜೆಗಳಲ್ಲಿ ದೇವೇಂದ್ರಪ್ಪನವರ ಬಸ್ಸಿನಲ್ಲಿ ನಿಂತ. ಅವರು ಕನ್ನಡಿಯಲ್ಲಿ ನೋಡಿಯೂ ನೋಡದಂತೆ ಇದ್ದರು. ಈ ಸಲ ಅವನು ಅವರ ಕಾಲು ನೋಡಲಿಲ್ಲ, ಕಣ್ಣು ನೋಡಿದ. ಜನ ಹತ್ತುವಾಗ ಆ ಕಣ್ಣು ರಸ್ತೆಯ ಮೇಲಿರುತ್ತಿರಲಿಲ್ಲ, ಒಳಗಿನ ಕನ್ನಡಿಯ ಮೇಲಿರುತ್ತಿತ್ತು. ಕೊನೆಯವರು ಕಂಬಿ ಹಿಡಿದ ಮೇಲೆಯೇ ಗಾಡಿ ಮಿಸುಕುತ್ತಿತ್ತು.

ಹಳೆಯ ಚಾಳಿ ಬಿಡಿಸಿಕೊಳ್ಳುವುದು ಸುಲಭವಾಗಲಿಲ್ಲ. ಟೈಮ್ ಮೀರಿದ ದಿನ ಕಾಲು ತಾನಾಗಿಯೇ ಒತ್ತಿಬಿಡುತ್ತಿತ್ತು. ಒಂದು ದಿನ ಅವನೇ ಬಾಯಿಬಿಟ್ಟು, "ಜರೀನಕ್ಕ, ಜೋರಾದ್ರ ಸೀಟಿ ಹೊಡಿರಿ" ಎಂದ. ಅವಳಿಗೆ ಆಶ್ಚರ್ಯ.

"ಸಿಟ್ಟ ಹೋತೇನು?"

"ಸಿಟ್ಟ ಇನ್ನೂ ಐತಿ. ಆದ್ರ ಗಾಡಿ ಸುಧಾರಿಸಬೇಕಲ್ರಿ."

ಅವಳು ದಾಕ್ಷಿಣ್ಯವಿಲ್ಲದೆ ಹೊಡೆದಳು. ಮೊದಲ ವಾರ ಬಸ್ಸು ತುಂಬ ಸೀಟಿಯೋ ಸೀಟಿ. ನಮಗೆ ಕಿವಿ ಕಿತ್ತು ಹೋಗುವಂತಾಯಿತು. ಬರುಬರುತ್ತ ಕಡಿಮೆಯಾಯಿತು.

ಗಾಡಿ ಸುಧಾರಿಸಿತು, ಹೆಸರು ಮಾತ್ರ ಹೋಗಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಗೋಣೆಪ್ಪ ಎಂಬ ಮೆಕ್ಯಾನಿಕ್, ರೂಪಾ ಜೊತೆಗಿರುವಾಗಲೇ "ಏ ಚೀಲ" ಎಂದು ಕೂಗಿದ. ಆಂಜನೇಯ ಅವನನ್ನು ಬಿಟ್ಟು ಸೀದಾ ಹೋಗಿ ದೇವೇಂದ್ರಪ್ಪನವರ ಎದುರು ನಿಂತ. ಅವರು ಬೇವಿನ ಗಿಡದ ಕೆಳಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಅಣ್ಣಾರ, ನೀವು ನನ್ನ ತಪ್ಪು ಹೇಳಿದ್ರಿ. ಒಪ್ಪಿಕೊಂಡೀನಿ. ನಿಮ್ಮ ಗಾಡ್ಯಾಗ ನಿಂತು ಕಲ್ತೀನಿ, ನೀವೂ ನೋಡೀರಿ. ಆದ್ರ ನಾಲ್ಕು ಮಂದಿ ಮುಂದ ಚೀಲ ಅಂದಿದ್ದು ಕಲಿಸೂ ಮಾತಲ್ರಿ."

"ಹೆಸರು ನಾ ಇಟ್ಟಿಲ್ಲೋ ತಮ್ಮಾ. ಹುಡುಗ್ರು ಇಟ್ಟಾರ."

"ಮಾತು ನಿಮ್ಮ ಬಾಯಿಂದ ಬಂದೈತ್ರಿ. ನಿಮ್ಮ ಬಾಯಿಂದನ ಹೋಗಬೇಕು."

ಅವನು ತಲೆ ತಗ್ಗಿಸಲಿಲ್ಲವಂತೆ. ದೇವೇಂದ್ರಪ್ಪ ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ನನ್ನ ಮಾತು ಭಾಳ ಖಾರ. ಮನ್ಯಾಗೂ ಅಂತಾರ" ಎಂದಷ್ಟೇ ಹೇಳಿ ಎದ್ದು ಹೋದರು. ತಪ್ಪಾಯಿತು ಎಂದು ಅನ್ನಲಿಲ್ಲ.

ಎರಡು ಮೂರು ದಿನ ಬಿಟ್ಟು ಕ್ಯಾಂಟೀನಿನಲ್ಲಿ ಗೋಣೆಪ್ಪ ಮತ್ತೆ ಆ ಹೆಸರು ತೆಗೆದ. ದೇವೇಂದ್ರಪ್ಪ ತಲೆ ಎತ್ತದೆಯೇ, "ಅವನ ಹೆಸರು ಆಂಜನೇಯ. ಗಾಡಿ ಛಲೋ ಹೊಡಿತಾನ" ಎಂದರು. ಆಮೇಲೆ ಯಾರೂ ನಗಲಿಲ್ಲ. ಗೋಣೆಪ್ಪನೂ ಆಂಜನೇಯನನ್ನು ಹೆಸರು ಹಿಡಿದೇ ಕರೆಯತೊಡಗಿದ.

ದೇವೇಂದ್ರಪ್ಪನವರಿಗೂ ಆಂಜನೇಯನಿಗೂ ನಡುವೆ ಮೊದಲಿನ ಭಕ್ತಿ ಈಗ ಇಲ್ಲ. ಅವರನ್ನು ದೇವರು ಅನ್ನುವುದನ್ನು ಅವನು ಬಿಟ್ಟಿದ್ದಾನೆ. ಒಟ್ಟಿಗೆ ಚಹಾ ಕುಡಿಯುತ್ತಾರೆ, ಬ್ರೇಕ್ ಲೈನರ್, ಹೊಸ ಬೈಪಾಸು, ಮಳೆ ಎಂದು ಮಾತಾಡುತ್ತಾರೆ. ಒಮ್ಮೊಮ್ಮೆ ದೇವೇಂದ್ರಪ್ಪನವರ ಮಾತಿಗೆ ಆಂಜನೇಯ, "ಅದು ಹಂಗಲ್ರಿ ಅಣ್ಣಾರ" ಎನ್ನುವುದೂ ಉಂಟು.

ನಿನ್ನೆ ಸಂಜೆ ಕೊಪ್ಪಳದಲ್ಲಿ ಬಸ್ಸು ಖಾಲಿಯಾದಾಗ ನಾನು ಕೊನೆಗೆ ಇಳಿಯುತ್ತಿದ್ದೆ. ಆಂಜನೇಯ ಇಂಜಿನ್ ಆರಿಸಿ ಹಿಂದೆ ತಿರುಗಿ, "ಜರೀನಕ್ಕ, ಇವತ್ತ ಹೆಂಗಿತ್ತು?" ಎಂದು ಕೇಳಿದ.

"ಬಾನಾಪುರದ ತಿರುವಿನಾಗ ಕೆಟ್ಟ ಬ್ರೇಕ್ ಹೊಡದಿ," ಎಂದಳು ಅವಳು ಟಿಕೆಟ್ ಮಷಿನ್ ಒಳಗಿಡುತ್ತ.

"ಹೌದಾ? ನಾಳೆ ನೋಡತೀನಿ" ಎಂದು ಅವನು ನೀರಿನ ಬಾಟಲಿ ಎತ್ತಿಕೊಂಡು ಕೆಳಗಿಳಿದ.