ಬೆರಳು ಬಿದ್ದ ಫೋಟೋ

ಬೀರುವಿನ ಮೇಲಿನ ಖಾನೆ ಒರೆಸುವಾಗ ರೆಕ್ಸಿನ್ ಚೀಲದಲ್ಲಿ ಹಳೆಯ ಕ್ಯಾಮೆರಾ ಸಿಕ್ಕಿತು. ಒಳಗೇ ಉಳಿದಿದ್ದ ಸೆಲ್ಲುಗಳು ಸೋರಿ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಕೈಗೆತ್ತಿಕೊಂಡಾಗ ಗುಂಡ್ಲುಪೇಟೆಯ ಸ್ಟುಡಿಯೋ ಸಾಹೇಬರು ನೆನಪಾದರು…

ಮದುವೆಯಾಗಿ ಚಾಮರಾಜನಗರಕ್ಕೆ ಬಂದ ಹೊಸತರಲ್ಲಿ ಆ ರೀಲಿನ ಕ್ಯಾಮೆರಾವನ್ನು ಅವರ ಹತ್ತಿರವೇ ಕೊಂಡಿದ್ದೆ. ಬೆಳಕು ಸಾಲದಿದ್ದರೆ ಫ್ಲ್ಯಾಶ್ ತಾನಾಗಿ ಹೊಡೆಯುತ್ತಿತ್ತು, ಬಿಸಿಲಿದ್ದರೆ ಸುಮ್ಮನಿರುತ್ತಿತ್ತು. ತವರೂರು ಭೀಮನಬೀಡಿನಲ್ಲಿದ್ದ ನಮ್ಮವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ಬಿಸಿಲಿನ ಅಂಗಳದಲ್ಲಿ ಅತ್ತಿಗೆಯ ಫೋಟೋ ತೆಗೆದದ್ದನ್ನು ನೋಡಿ, “ಮಿಂಚ್ನೇ ಇಲ್ವಲ್ಲಮ್ಮಿ. ಕೆಟ್ಟೋಗದೆ, ಅತ್ತಾಗೆ ಮಡಗು,” ಎಂದು ತಾನು ನಿಲ್ಲದೆ ಒಳಗೆ ಹೋದಳು.

ಸಾಹೇಬರಿಗೆ ಹೇಳಿದಾಗ ನಕ್ಕರು. ಲೆನ್ಸಿನ ಪಕ್ಕದ ಸಣ್ಣ ಗಾಜಿನ ಕಣ್ಣು ತೋರಿಸಿ, ಅದನ್ನು ಬೆರಳಿನಿಂದ ಮುಚ್ಚಿದರೆ ಕ್ಯಾಮೆರಾ ಕತ್ತಲೆ ಅಂದುಕೊಂಡು ಮಿಂಚುತ್ತದೆ ಎಂದರು. ಲೆನ್ಸಿಗೆ ಮಾತ್ರ ಅಡ್ಡ ಬರಬಾರದು ಎಂದು ಎರಡು ಸಲ ಹೇಳಿದರು. ಮುಂದಿನ ಸಲ ಹಾಗೇ ಮಾಡಿದೆ. ಮಿಂಚಿತು. ಅವ್ವ ಸೆರಗು ಸರಿಮಾಡಿಕೊಂಡು, ಇನ್ನೊಂದು ಹೊಡಿ ಅಂದಳು. ನಾಲ್ಕು ಹೊಡೆದೆ.

ಆಗ ರೀಲು ಪೂರ್ತಿ ಮುಗಿಯದೆ ಯಾರೂ ಸ್ಟುಡಿಯೋಗೆ ಕೊಟ್ಟು ತೊಳೆಸುತ್ತಿರಲಿಲ್ಲ. ನಮ್ಮದರಲ್ಲಿ ಇನ್ನೂ ಹತ್ತು ಫೋಟೋ ಬಾಕಿಯಿತ್ತು. ಅಷ್ಟರಲ್ಲಿ ಅವ್ವ ಹೋಗಿಬಿಟ್ಟಳು… ಅವಳದು ಬೇರೆ ಒಂದು ಫೋಟೋನೂ ಇರಲಿಲ್ಲ. ಸಾಹೇಬರಿಗೆ ಅಷ್ಟು ಹೇಳಿ ರೀಲು ಕೊಟ್ಟುಬಂದೆ.

ವಾರ ಬಿಟ್ಟು ಹೋದಾಗ ಅವರು ಕವರನ್ನು ತಟ್ಟನೆ ಕೈಗೆ ಕೊಡಲಿಲ್ಲ. ಕೂರಿಸಿ, ಟೀ ತರಿಸಿ, ಆಮೇಲೆ ಒಂದೊಂದಾಗಿ ತೋರಿಸಿದರು. ನಾಲ್ಕರಲ್ಲೂ ಮಬ್ಬಾಗಿ, ಕೆಂಪಗೆ ನನ್ನ ಬೆರಳು! ಮೂರರಲ್ಲಿ ಅವ್ವನ ಮುಖವೇ ಮುಚ್ಚಿಹೋಗಿತ್ತು. ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ತೆಗೆಯುವಾಗ ನನಗದು ಕಂಡಿರಲಿಲ್ಲ.

“ತಪ್ಪು ನಂದು ತಾಯಿ,” ಅಂದರು ಸಾಹೇಬರು. “ನಾನೇ ಸರಿಯಾಗಿ ತೋರಿಸ್ಕೊಡ್ಲಿಲ್ಲ. ಕೊನೇದ್ರಲ್ಲಿ ಮುಖ ಪೂರಾ ಅದೆ, ನೋಡಿ.”

ಮತ್ತೊಂದು ಕವರ್ ಬಿಚ್ಚಿದರು. ಅಂಗಡಿ ಬಾಗಿಲು ಹಾಕಿಕೊಂಡು ತಾವೇ ಮೈಸೂರಿಗೆ ಹೋಗಿ, ಲ್ಯಾಬಿನವರ ಪಕ್ಕ ನಿಂತು, ಬೆರಳಿದ್ದ ಭಾಗ ತೆಗೆಸಿ ಮುಖವನ್ನಷ್ಟೇ ದೊಡ್ಡದು ಮಾಡಿಸಿ ತಂದಿದ್ದರು. ಅವ್ವ ನಗುತ್ತಿದ್ದಳು. ಇವತ್ತಿಗೂ ನಮ್ಮ ನಡುಮನೆಯಲ್ಲಿರುವುದು ಅದೇ.

ಮೊನ್ನೆ ಗುಂಡ್ಲುಪೇಟೆಗೆ ಹೋದವಳು ಸ್ಟುಡಿಯೋ ಹುಡುಕಿದೆ. ಅವರ ಮಗ ಕೂತಿದ್ದರು. ತಂದೆ ತೀರಿಕೊಂಡು ಎರಡು ವರ್ಷವಾಯಿತಂತೆ… ಆವತ್ತು ಬಾಯಿಗೆ ಬಾರದೆ ಹೋದದ್ದನ್ನು ಮಗನ ಎದುರಿಗಾದರೂ ಹೇಳಿದೆ.

“ನಿಮ್ ತಂದೆ ಸರಿಯಾಗೇ ತೋರಿಸ್ಕೊಟ್ಟಿದ್ರು ಕಣಪ್ಪ. ತಪ್ಪು ನಂದೇ.”

ಅವರು ತಲೆಯಾಡಿಸಿದರು, ಏನು ತಿಳಿಯಿತೋ. ಕೇಳಿಸಿಕೊಳ್ಳಬೇಕಾದವರು ಇರಲಿಲ್ಲ.