ಮೂರೆಕರೆಗೆ ಸಾಲುವ ಟ್ರ್ಯಾಕ್ಟರ್

ಭರಣಿ ಮಳೆ ಚೆನ್ನಾಗಿ ಹೊಡೆದು ಹೊಲ ಹದಕ್ಕೆ ಬಂದಿತ್ತು. ಕೋಳಿ ಕೂಗುವ ಹೊತ್ತಿಗೇ ಬೀರಮ್ಮ ಬೆಟ್ಟಸ್ವಾಮಿಯ ಮನೆ ಮುಂದೆ ನಿಂತಿದ್ದಳು. ಹಂಪಾಪುರದ ಮಗ್ಗುಲಿನ ಆ ಊರಿನಲ್ಲಿ ಬಾಡಿಗೆಗೆ ಉಳುವ ಟ್ರ್ಯಾಕ್ಟರ್ ಇದ್ದದ್ದು ಅವನೊಬ್ಬನ ಹತ್ತಿರ.

ಬೆಟ್ಟಸ್ವಾಮಿ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದ. "ನಾಳಿಕ್ ಬತ್ತೀನಿ ಬುಡಿ ಬೀರಮ್ಮ. ದೊಡ್ ಒಲ ಮೊದ್ಲು ಮುಗ್ಸ್ಕೊಬುಡ್ತೀನಿ. ನಿಮ್ದು ತುಂಡು ಒಲ, ಗಾಡಿ ತಿರುಗ್ಸಕ್ಕೇ ಅರ್ಧ ಒತ್ತು ಓಯ್ತದೆ."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೀರಮ್ಮನದು ಒಟ್ಟು ಮೂರೆಕರೆ, ಅದೂ ಒಂದೇ ಕಡೆ ಇಲ್ಲ. ರಸ್ತೆ ಮೇಲಿನ ಕೆಮ್ಮಣ್ಣಿನ ಹೊಲ ಒಂದು, ನಾಲೆ ಬದಿಯ ತಾಕು ಇನ್ನೊಂದು. ನಾಲೆ ಬದಿಗೆ ಹೋಗಬೇಕಾದರೆ ಎರಡು ಕಲ್ಲುಗೂಟದ ನಡುವಿನ ಓಣಿಯಲ್ಲಿ ನುಸುಳಬೇಕು. ಬೆಟ್ಟಸ್ವಾಮಿಯ ದೊಡ್ಡ ಗಾಡಿ ಅಲ್ಲಿ ಹೋಗುತ್ತಲೇ ಇರಲಿಲ್ಲ. ಬೇರೆಯವರ ಹೊಲ ಸುತ್ತಿಕೊಂಡು, ಅವರ ಕೈಲಿ ಅನ್ನಿಸಿಕೊಂಡು ಇಳಿಸಬೇಕಿತ್ತು.

ಅವನ ನಾಳೆ ಬರುವಷ್ಟರಲ್ಲಿ ಬಿಸಿಲು ಕಾದು ಕೆಮ್ಮಣ್ಣು ಹೆಂಟೆಕಟ್ಟಿತ್ತು. ಆ ಹೆಂಟೆಯ ಮೇಲೆ ಊರಿದ ಹತ್ತಿ ಅಲ್ಲೊಂದು ಇಲ್ಲೊಂದು ಹುಟ್ಟಿತು. ಹಿಂದಿನ ವರ್ಷವೂ ಹೀಗೇ ಆಗಿತ್ತು. ಬದುವಿನ ಮೇಲೆ ನಿಂತು ಬೋಳು ಸಾಲುಗಳನ್ನು ನೋಡುತ್ತಾ ನೋಡುತ್ತಾ ಬೀರಮ್ಮ ತೀರ್ಮಾನ ಮಾಡಿಬಿಟ್ಟಳು. ಮನೆಗೆ ಬಂದು ಗಂಡ ದೊಡ್ಡಬೀರಯ್ಯನ ಮುಂದೆ ಮುದ್ದೆ ಬಡಿಸುತ್ತಾ ಅಂದಳು:

"ಒಂದು ಟ್ಯಾಕ್ಟ್ರು ತಕ್ಕೊಳಾನ. ಅಳೇದು, ಚಿಕ್ಕದು."

ದೊಡ್ಡಬೀರಯ್ಯ ಮುದ್ದೆ ಮುರಿಯುವುದನ್ನು ಬಿಟ್ಟು ತಲೆ ಎತ್ತಿದ. "ಓಡ್ಸೋರ್ಯಾರು? ನನ್ ಮಂಡಿ ಕ್ಲಚ್ಚು ತುಳೀತದಾ?"

"ನಾನು ಓಡ್ಸ್ತೀನಿ."

ಅವನು ನಗಲಿಲ್ಲ. ನಗುವ ಹಾಗೂ ಇರಲಿಲ್ಲ. ಬೀರಮ್ಮ ಎನ್. ಬೇಗೂರಿನ ಕಡೆಯ ಹೆಣ್ಣು. ಆನೆ ಬರುವ ಹೊಲದಲ್ಲಿ ರಾತ್ರಿ ಅಟ್ಟಣೆ ಕಾದು ಬೆಳೆದವಳು. ದೊಡ್ಡಬೀರಯ್ಯ ಎತ್ತಿನ ಗಾಡಿಯಿಂದ ಬಿದ್ದು ಮಂಡಿ ಮುರಿದುಕೊಂಡ ವರ್ಷ, ಹೆಂಗಸು ನೇಗಿಲು ಮುಟ್ಟಬಾರದು ಎಂದು ಊರಿನ ನಾಲ್ಕು ಜನ ಬಂದು ಹೇಳಿದರೂ ಅವಳು ಮೇಳಿ ಹಿಡಿದಿದ್ದಳು. "ಮುಟ್ಬಾರ್ದು ಅನ್ನೋರು ಬಂದು ಉತ್ಕೊಡಿ" ಎಂದಿದ್ದಳು. ಯಾರೂ ಬರಲಿಲ್ಲ. ಆ ಜೋಡಿ ಎತ್ತುಗಳಿಗೆ ವಯಸ್ಸಾಗುವ ತನಕ ಅವಳೇ ಉತ್ತಳು, ಅವಳೇ ಬಿತ್ತಿದಳು. ಈಗ ವಯಸ್ಸು ಐವತ್ತರ ಹತ್ತಿರ, ಕೈಯಲ್ಲಿ ಕಸುವು ಹಾಗೇ ಇತ್ತು. ಹಿಂದಿನ ವರ್ಷದ ಶುಂಠಿ ಕೈ ಹಿಡಿದು ಒಂದಿಷ್ಟು ದುಡ್ಡೂ ಇತ್ತು. ಸಾಲ ಮಾಡದೆ ಅದರೊಳಗೇ ಆಗಬೇಕು ಎನ್ನುವುದೊಂದೇ ಅವಳ ಕಟ್ಟುಪಾಡು.

ಮೊದಲು ಅವಳು ಮಾಡಿದ್ದು ಓಡಿಸುವುದನ್ನು ಕಲಿತದ್ದು. ಹಂಪಾಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ನಿಂಗಯ್ಯ ದೂರದ ಸಂಬಂಧಿ. ಅವನ ಶೆಡ್ಡಿಗೆ ರಿಪೇರಿಗೆ ಬಂದು ಮುಗಿದ ಗಾಡಿಗಳನ್ನು ಯಜಮಾನರನ್ನು ಕೇಳಿ ಖಾಲಿ ಬಯಲಿನಲ್ಲಿ ಓಡಿಸಲು ಕೊಟ್ಟ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನ ಹಳೇ ಶರಟು ಮೇಲೆ ತೊಟ್ಟು ಬೀರಮ್ಮ ಕೂತಳು. ಮೊದಲ ದಿನ ಗಾಡಿ ಕಪ್ಪೆಯಂತೆ ಕುಪ್ಪಳಿಸಿತು. ವಾರ ಕಳೆಯುವುದರಲ್ಲಿ ಟ್ರೈಲರ್ ಸಮೇತ ಹಿಂದಕ್ಕೆ ತೆಗೆಯುವುದನ್ನು ಕಲಿತಳು. ಮಳೆಗಾಲ ಮುಗಿಯುವ ಹೊತ್ತಿಗೆ ಹುಣಸೂರಿಗೆ ಹೋಗಿ ಲೈಸೆನ್ಸೂ ಮಾಡಿಸಿಕೊಂಡಳು.

ಆಮೇಲೆ ಶುರುವಾಯಿತು ಹುಡುಕಾಟ. ಮಗಳು ಬೃಂದಾ ಮೊಬೈಲಿನಲ್ಲಿ ದಿನಕ್ಕೊಂದು ಫೋಟೋ ತೋರಿಸುತ್ತಿದ್ದಳು. ದೊಡ್ಡಬೀರಯ್ಯನಿಗೆ ಎಲ್ಲವೂ ಇಷ್ಟವಾಗುತ್ತಿದ್ದವು. ಬೀರಮ್ಮ ಮಾತ್ರ ಓಣಿಯ ಕಲ್ಲುಗೂಟಗಳ ನಡುವಿನ ಅಳತೆಗೆ ಸರಿಯಾಗಿ ಒಂದು ಬಿದಿರಿನ ಗಳ ಕಡಿದು ಇಟ್ಟುಕೊಂಡಳು. ಅದಕ್ಕಿಂತ ಅಗಲದ ಗಾಡಿ ಎಷ್ಟು ಚೆಂದವಿದ್ದರೂ ಅವಳಿಗೆ ಬೇಡ.

ಕೆ.ಆರ್. ನಗರದಲ್ಲಿ ನೋಡಿದ ಮೊದಲನೆಯದು ಹಾಗೇ ಹೋಯಿತು. ಒಳ್ಳೆಯ ಗಾಡಿ, ಒಬ್ಬನೇ ಯಜಮಾನನ ಕೈಯಲ್ಲಿ ಓಡಿದ್ದು. ದೊಡ್ಡಬೀರಯ್ಯ ಸುತ್ತ ಎರಡು ಸಲ ತಿರುಗಿ ಬಾನೆಟ್ ಸವರಿದ. ಬೀರಮ್ಮ ಗಳ ಹಿಡಿದು ಹಿಂದಿನ ಚಕ್ರದಿಂದ ಚಕ್ರಕ್ಕೆ ಅಳೆದಳು. ಎರಡೂ ಕಡೆ ಚಕ್ರ ಗಳಕ್ಕಿಂತ ಅಂಗೈಯಗಲ ಹೊರಗೆ ಉಳಿಯಿತು.

"ಇದು ಬ್ಯಾಡ ಕಣ್ರೀ."

"ಲೇ ಬೀರಿ, ಬೆಟ್ಟಸ್ವಾಮಿದ್ಕಿಂತ ದೊಡ್ದಾಗದೆ! ಊರಲ್ಲಿ ನಾಕ್ ಜನ ನೋಡ್ದಂಗಿರ್ಬೇಕು."

"ಬೀದೀಲಿ ನಿಂತು ನೋಡ್ಸ್ಕೊಳಕ್ಕಾ ತಕ್ಕೊಳೋದು? ನಾಲೆ ತಾವ್ಕೆ ಇಳೀಬೇಕು. ಇದ್ರ ಡೀಸೆಲ್ಲಿಗೆ ನಮ್ ಒಲ ಬೆಳ್ದದ್ದೂ ಸಾಲಕಿಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕಿಟಕಿಯ ಕಡೆ ತಿರುಗಿ ಕೂತ. 

ಹುಣಸೂರಿನ ಹೊರಗೊಬ್ಬ ಹಳೇ ಟ್ರ್ಯಾಕ್ಟರುಗಳ ವ್ಯಾಪಾರಿ ಇದ್ದ. ಅವನ ಶೆಡ್ಡಿನಲ್ಲಿ ಸಣ್ಣ ಗಾಡಿಯೊಂದು ಹೊಸ ಕೆಂಪು ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಗಳದ ಅಳತೆಗೂ ಬಂತು. ದರವೂ ಕೈಗೆಟುಕುವಂತಿತ್ತು. ವ್ಯಾಪಾರಿ ಕೀ ತಿರುಗಿಸಿದ ತಕ್ಷಣ ಇಂಜಿನ್ ಗುಡುಗುಡು ಎಂದಿತು. "ನೋಡಿ ಅಮ್ಮ, ಮೊದಲನೇ ಸಲಕ್ಕೇ!" ಎಂದ. ದೊಡ್ಡಬೀರಯ್ಯನ ಮುಖ ಅರಳಿತು.

ಜೊತೆಗೆ ಬಂದಿದ್ದ ನಿಂಗಯ್ಯ ಬೀರಮ್ಮನ ಕಡೆ ನೋಡಿದ. ಬೀರಮ್ಮ ಆಗಲೇ ಬಾನೆಟ್ ಮೇಲೆ ಕೈ ಇಟ್ಟಿದ್ದಳು. ಆಗತಾನೇ ಕೀ ತಿರುಗಿಸಿದ ಗಾಡಿ ಒಲೆಯ ಮೇಲಿನ ಹಂಚಿನಂತೆ ಕಾದಿತ್ತು.

"ನಾವ್ ಬರೋಕ್ ಮುಂಚೆ ಎಷ್ಟೊತ್ತು ಓಡ್ಸಿದ್ರಿ?"

"ಸುಮ್ನೆ... ಒಂಚೂರು ಸರಿಸಿ ನಿಲ್ಲಿಸ್ದೋ."

"ಅಂಗಾದ್ರೆ ಆಫ್ ಮಾಡಿ. ನಾವು ಊಟ ಮುಗ್ಸ್ಕೊಂಡು ಬತ್ತೀವಿ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ."

"ಟ್ಯಾಕ್ಟ್ರು ತಗೋಳಕ್ ಬಂದಿದ್ದೀರೋ, ಎಣ್ಣು ನೋಡಕ್ ಬಂದಿದ್ದೀರೋ?" ಎಂದು ವ್ಯಾಪಾರಿ ನಕ್ಕ.

ಬೀರಮ್ಮ ಊಟಕ್ಕೆ ಹೋಗಲೇ ಇಲ್ಲ. ಗಂಡನನ್ನೂ ನಿಂಗಯ್ಯನನ್ನೂ ಹೋಟೆಲಿಗೆ ಕಳಿಸಿ, ತಾನು ಎದುರಿನ ಹುಣಸೆಮರದ ನೆರಳಲ್ಲಿ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ಬಿಚ್ಚಿ ಗಾಡಿಯ ಮೇಲೆ ಕಣ್ಣಿಟ್ಟು ಕೂತಳು. ಬಾನೆಟ್ ತಣ್ಣಗಾದ ಮೇಲೆ ಎದ್ದು ಬಂದು ಕೀ ತಿರುಗಿಸಿದಳು. ಗಾಡಿ ಕೊರ್ ಕೊರ್ ಎಂದು ನರಳಿ ಸುಮ್ಮನಾಯಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಕೊನೆಗೆ ಶೆಡ್ಡಿನ ಆಳುಗಳೆಲ್ಲ ಸೇರಿ ತಳ್ಳಿದಾಗ ಸ್ಟಾರ್ಟ್ ಆಗಿ, ರಸ್ತೆಯ ಆಚೆ ಬದಿ ಕಾಣದಷ್ಟು ನೀಲಿ ಹೊಗೆ ಬಿಟ್ಟಿತು.

ಅಷ್ಟರಲ್ಲಿ ಊಟ ಮುಗಿಸಿ ಬಂದಿದ್ದ ನಿಂಗಯ್ಯ ತಗ್ಗಿದ ದನಿಯಲ್ಲಿ, "ಇಂಜಿನ್ ಎಣ್ಣೆ ಕುಡೀತಾ ಅದೆ ಬೀರಕ್ಕ. ಬಣ್ಣ ನೋಡಿ ನಾನೂ ಒಂದ್ ಗಳಿಗೆ ಸೋತಿದ್ದೆ," ಎಂದ.  ವಾಪಸು ಬರುವಾಗ ಈ ಸಲ ದೊಡ್ಡಬೀರಯ್ಯ ಕಿಟಕಿ ಕಡೆ ತಿರುಗಿ ಕೂರಲಿಲ್ಲ. ಹೆಂಡತಿಗೆ ಕಡಲೆಕಾಯಿ ಕೊಡಿಸಿದ.

ಗುರುಪುರದ ಚಲುವಯ್ಯನ ಗಾಡಿಯ ಸುದ್ದಿ ತಂದವನೂ ನಿಂಗಯ್ಯನೇ. ಚಲುವಯ್ಯ ಹೊಗೆಸೊಪ್ಪು, ಜೋಳ ಬೆಳೆಯುವ ಹಿರಿಯ. ಮಗ ಚೆಲುವರಾಜು ಹೊಸ ಗಾಡಿ ತಂದಿದ್ದರಿಂದ ಹಳೆಯದನ್ನು ಮಾರುವವನಿದ್ದ. ಗಾಡಿ ಕೊಟ್ಟಿಗೆಯಲ್ಲಿ ನಿಂತಿತ್ತು. ಬಣ್ಣ ಮಾಸಿತ್ತು, ಮಡ್‌ಗಾರ್ಡ್ ಒಂದು ಕಡೆ ನೆಗ್ಗಿತ್ತು, ಸೀಟಿಗೆ ಗೋಣಿತಾಟು ಸುತ್ತಿತ್ತು. ಬಾನೆಟ್ ಮುಟ್ಟಿದರೆ ತಣ್ಣಗೆ. ಗಳ ಇಟ್ಟರೆ ಚಕ್ರಗಳು ಎರಡೂ ಕಡೆ ಅದರ ಒಳಗೇ ಉಳಿದವು.

"ಯೋಳ್ಬುಡ್ತೀನಿ ಕಣವ್ವ," ಎಂದ ಚಲುವಯ್ಯ, "ಬಲಗಡೆ ಬ್ರೇಕು ಸಡ್ಲ ಅದೆ. ಇಂದ್ಲ ಟೈರು ಒಂದು ಸವ್ದದೆ, ಇನ್ನೊಂದ್ ವರ್ಸ ಬಂದ್ರೆ ಎಚ್ಚು. ಇಂಜಿನ್ನು ಮಾತ್ರ ಬಿಚ್ಚಿಲ್ಲ."

ಮಾರುವವನ ಬಾಯಲ್ಲಿ ಇಂಥ ಮಾತು ಬೀರಮ್ಮ ಕೇಳಿದ್ದು ಅದೇ ಮೊದಲು. ಆದರೂ ಮಾತನ್ನು ನಂಬಿ ಕೂರಲಿಲ್ಲ. ಕೀ ತಿರುಗಿಸಿದಳು. ಗಾಡಿ ಒಂದು ಸಲ ಕೆಮ್ಮಿ ಸ್ಟಾರ್ಟ್ ಆಯಿತು. ಹೊಗೆ ಸ್ವಲ್ಪ ಕಪ್ಪಗೆ ಬಂದು ತಿಳಿಯಾಯಿತು. ರಸ್ತೆಯಲ್ಲಿ ಓಡಿಸಿ ನೋಡಿ ಎಂದರೆ, "ರಸ್ತೇಲಿ ಎಲ್ಲಾವೂ ಓಡ್ತವೆ, ಒಲ ತೋರ್ಸಿ" ಎಂದಳು. ಕಲ್ಟಿವೇಟರ್ ಕಟ್ಟಿ ಚಲುವಯ್ಯನ ಹೊಲದಲ್ಲೇ ನಾಲ್ಕು ಸಾಲು ಹೊಡೆದಳು. ಮಣ್ಣು ಗಟ್ಟಿಯಿದ್ದ ಕಡೆ ಗಾಡಿ ಗೊಣಗಿತೇ ಹೊರತು ನಿಲ್ಲಲಿಲ್ಲ. ಆಮೇಲೆ ಕಲ್ಟಿವೇಟರನ್ನು ಮೇಲಕ್ಕೆತ್ತಿ, ಇಂಜಿನ್ ಆಫ್ ಮಾಡಿ ಇಳಿದಳು.

"ಇವಾಗ ಟೀ ಕೊಡಿ ಯಜಮಾನ್ರೆ."

ಜಗಲಿಯಲ್ಲಿ ಕೂತು ಎಲ್ಲರೂ ಟೀ ಕುಡಿದರು. ಚಲುವಯ್ಯನ ಹೆಂಡತಿ ಪುಟ್ಟತಾಯಮ್ಮ ಎಲೆಅಡಿಕೆ ತಂದಿಟ್ಟಳು. ಕಲ್ಟಿವೇಟರಿನ ಹಲ್ಲುಗಳು ನೆಲ ಮುಟ್ಟುತ್ತವೇನೋ ಎಂದು ನಿಂಗಯ್ಯ ಆಗಾಗ ಕತ್ತು ಚಾಚಿ ನೋಡುತ್ತಿದ್ದ. ಅದನ್ನು ಎತ್ತಿ ಹಿಡಿಯುವ ಲಿಫ್ಟಿನ ಎಣ್ಣೆ ಸೋರುತ್ತಿದ್ದರೆ ಅಷ್ಟು ಹೊತ್ತಿಗೆ ಇಳಿದುಬಿಡಬೇಕಿತ್ತು. ಎಲೆಅಡಿಕೆ ಜಗಿದು ಉಗುಳಿ ಬಂದು ನೋಡಿದರೂ ಅದು ಎತ್ತಿದಲ್ಲೇ ನಿಂತಿತ್ತು.

ಜೊತೆಗೆ ಬಂದಿದ್ದ ಬೃಂದಾ ಗಾಡಿಯ ಆರ್‌ಸಿ ಪುಸ್ತಕ ಓದಿ, ಇಂಜಿನ್ ಮೇಲಿನ ನಂಬರಿಗೆ ತಾಳೆ ನೋಡಿದಳು. ಸರಿ ಇತ್ತು. ಬ್ರೇಕಿನ ಖರ್ಚನ್ನು ಚಲುವಯ್ಯನೇ ದರದಲ್ಲಿ ಕಳೆದುಕೊಟ್ಟ. ವ್ಯಾಪಾರ ಕುದುರಿತು. ಯಾರ ಹೆಸರಿಗೆ ಬರೆಸುವುದು ಎಂದು ಚಲುವಯ್ಯ ದೊಡ್ಡಬೀರಯ್ಯನ ಮುಖ ನೋಡಿದಾಗ, ಹೊಲ, ಮನೆ ಎಲ್ಲ ತನ್ನ ಹೆಸರಿನಲ್ಲೇ ಇದ್ದ ಆ ಮನುಷ್ಯ ಮಂಡಿ ನೀವಿಕೊಳ್ಳುತ್ತಾ, "ಓಡ್ಸೋಳು ಅವ್ಳು. ಅವ್ಳ ಎಸ್ರಿಗೇ ಮಾಡಿ," ಎಂದ. ಬೀರಮ್ಮ ಅದನ್ನು ಕೇಳಿಸಿಕೊಂಡೂ ಕೇಳಿಸದವಳಂತೆ ಗೋಣಿತಾಟಿನ ಧೂಳು ಕೊಡವಿದಳು. ಕೈ ಮಾತ್ರ ಒಂದು ಗಳಿಗೆ ನಿಂತಿತು.

ನಿಂಗಯ್ಯ ಬ್ರೇಕು ಬಿಗಿಮಾಡಿ, ಹೆಸರು ವರ್ಗಾವಣೆಯಾದ ದಿನ ಬೀರಮ್ಮ ಗುರುಪುರದಿಂದ ಕೋಟೆ ಪಟ್ಟಣ ಹಾದು ಹಂಪಾಪುರದವರೆಗೆ ತಾನೇ ಓಡಿಸಿಕೊಂಡು ಬಂದಳು. ಹಿಂದೆ ನಿಂಗಯ್ಯನ ಬೈಕಿನಲ್ಲಿ ದೊಡ್ಡಬೀರಯ್ಯ. ಕೋಟೆಯ ಬಸ್ ಸ್ಟ್ಯಾಂಡಿನ ಹತ್ತಿರ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಒಬ್ಬಾಕೆ "ಯಾವೂರವ್ವ?" ಎಂದು ಕೂಗಿದಳು. ಬೀರಮ್ಮ ಇಂಜಿನ್ ಸದ್ದಿಗೂ ಮಿಗಿಲಾಗಿ ಊರಿನ ಹೆಸರು ಕೂಗಿ ಹೇಳಿದಳು.

ಮುಂದಿನ ಭರಣಿಯಲ್ಲಿ ಹದ ಬಂದ ಬೆಳಿಗ್ಗೆಯೇ ಅವಳು ಹೊಲದಲ್ಲಿದ್ದಳು. ರಸ್ತೆ ಮೇಲಿನದು ಬೇಗ ಮುಗಿಯಿತು. ಓಣಿಯಲ್ಲಿ ಕಲ್ಲುಗೂಟಗಳ ನಡುವೆ ಗಾಡಿ ನುಸುಳಿದಾಗ ಬದುವಿನ ಮೇಲಿದ್ದ ದೊಡ್ಡಬೀರಯ್ಯ ತಾನೇ ಉಸಿರು ಬಿಗಿಹಿಡಿದಿದ್ದ. ಆದರೆ ನಾಲೆಯ ತಾಕಿನ ತಗ್ಗಿನಲ್ಲಿ ಸವೆದ ಟೈರು ಜಾರಿ, ಹಿಂದಿನ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಒಳಕ್ಕೆ.

ಅದೇ ಹೊತ್ತಿಗೆ ನಾಲೆ ಏರಿಯ ಮೇಲೆ ಹೋಗುತ್ತಿದ್ದ ಬೆಟ್ಟಸ್ವಾಮಿ ಗಾಡಿ ನಿಲ್ಲಿಸಿದ. "ಅಗ್ಗ ತರ್ಲಾ ಬೀರಮ್ಮ? ಎಳ್ದಾಕ್ತೀನಿ."

"ಒಂಚೂರ್ ಇರಿ. ನಾನೊಂದ್ ಕೈ ನೋಡ್ತೀನಿ. ಆಗ್ದಿದ್ರೆ ಕರೀತೀನಿ."

ಕೆಳಗಿಳಿದು ಕಲ್ಟಿವೇಟರ್ ಬಿಚ್ಚಿ ಹಾಕಿದಳು. ಭಾರ ಇಳಿಯಿತು. ಚಕ್ರದ ಹಿಂದಿನ ಕೆಸರನ್ನು ಗುದ್ದಲಿಯಲ್ಲಿ ಇಳಿಜಾರಾಗಿ ಕೆರೆದು, ಗಂಡನ ಕೈಲಿ ತೆಂಗಿನ ಗರಿ ಎಳೆಸಿಕೊಂಡು ಅಡ್ಡಡ್ಡ ಹಾಸಿದಳು. ಮತ್ತೆ ಹತ್ತಿ ಕೂತು, ರಿವರ್ಸ್ ಹಾಕಿ, ಅವಸರವಿಲ್ಲದೆ ಕ್ಲಚ್ ಬಿಟ್ಟಳು. ಗರಿಗಳು ಲಟಲಟ ಮುರಿದವು. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿ, ಹಿಡಿತ ಸಿಕ್ಕಿ, ಗಾಡಿ ಮೇಲಕ್ಕೆ ಬಂತು. ಬೆಟ್ಟಸ್ವಾಮಿ ಏರಿಯ ಮೇಲಿಂದಲೇ ಕೈ ಎತ್ತಿ, "ಬುಡಿ, ನಂಗೇನೂ ಕೆಲ್ಸ ಇಲ್ಲ ಇಲ್ಲಿ!" ಎಂದು ನಕ್ಕು ಹೋದ. ಮೊಣಕಾಲಿನವರೆಗೆ ಕೆಸರು ಮೆತ್ತಿದ್ದ ಬೀರಮ್ಮನೂ ನಕ್ಕಳು.

ಆ ವರ್ಷ ಹತ್ತಿ ಸಾಲುಗಟ್ಟಿ ಹುಟ್ಟಿತು. ತನ್ನದು ಮುಗಿದ ಮಧ್ಯಾಹ್ನವೇ ಬೀರಮ್ಮ ರಾಮಮ್ಮನ ತುಂಡು ಹೊಲಕ್ಕೆ, ಅಲ್ಲಿಂದ ಸಣ್ಣತಾಯಮ್ಮನ ಹೊಲಕ್ಕೆ ಇಳಿದಳು. ಯಾವಾಗಲೂ ಕೊನೆಗೆ ಉಳಿಯುತ್ತಿದ್ದ ಇಬ್ಬರು ಅವರು. ಹದ ಆರುವ ಮೊದಲೇ ಅವರ ಬೀಜವೂ ಮಣ್ಣು ಸೇರಿತು. ಸಣ್ಣತಾಯಮ್ಮ ಬಾಡಿಗೆ ಜೊತೆಗೆ ಒಂದು ಚೆಂಬು ಮಜ್ಜಿಗೆ ತಂದು, ಅವಳು ಕುಡಿಯುವ ತನಕ ಎದುರಿಗೇ ನಿಂತಿದ್ದಳು.

ಒಂದು ಸೋಮವಾರ ಡೀಸೆಲ್ ತರಲು ಹಂಪಾಪುರಕ್ಕೆ ಹೋದಾಗ ಬೀರಮ್ಮ ಟೀ ಅಂಗಡಿಯ ಪಕ್ಕದಲ್ಲಿ ಗಾಡಿ ನಿಲ್ಲಿಸಿದಳು. ಒಳಗಿನಿಂದ ಗಂಡನ ದನಿ ಕೇಳಿಸುತ್ತಿತ್ತು. ಬಣ್ಣ ಬಳಿದ ಗಾಡಿಯ ಕತೆಯನ್ನು ಯಾರಿಗೋ ರಸವಾಗಿ ಹೇಳುತ್ತಿದ್ದ. "ಬಾನೆಟ್ ಮುಟ್ನೋಡ್ದೆ, ಕಾದಿತ್ತು. ತಕ್ಷಣ ಗೊತ್ತಾಗೋಯ್ತು ನಂಗೆ!"

ಬೀರಮ್ಮ ಬಾಗಿಲಲ್ಲಿ ಬಂದು ನಿಂತು ಸೊಂಟದ ಮೇಲೆ ಕೈ ಇಟ್ಟಳು. "ಯಾರಿಗ್ ಗೊತ್ತಾಗಿದ್ದು? ಸರ್ಯಾಗ್ ಯೋಳಿ."

ಅಂಗಡಿಯವರೆಲ್ಲ ತಿರುಗಿದರು. ದೊಡ್ಡಬೀರಯ್ಯ ಒಂದು ಗುಟುಕು ಟೀ ನುಂಗಿ, ಲೋಟ ಕೆಳಗಿಟ್ಟ. ಮುಖದಲ್ಲಿ ನಾಚಿಕೆ ಒಂಚೂರೂ ಇರಲಿಲ್ಲ.

"ಇವ್ಳಿಗೆ ಕಣ್ರಪ್ಪ," ಎಂದ ಎಲ್ಲರಿಗೂ ಕೇಳುವಂತೆ. "ನಮ್ಮನೆ ಯಜಮಾಂತಿ. ಮೂರ್ ಊರು ತಿರ್ಗಿ ಆರಿಸ್ಕೊಂಡು ತಂದೋಳು ಇವ್ಳೇಯ." ಬೆಂಚಿನ ಮೇಲೆ ಜರುಗಿ ಅವಳಿಗೆ ಜಾಗ ಮಾಡಿಕೊಟ್ಟು, ಇನ್ನೊಂದು ಟೀ ಹೇಳಿದ.